ಒಂಬತ್ತು ಯೂನಿಟ್ಟು

ಕೆಸರೆ ದಾಟಿ, ರಿಂಗ್ ರೋಡಿಗೆ ಬೆನ್ನು ಕೊಟ್ಟು ನಿಂತ
ಬೋರ್ಡಿನ ಮನೆಗಳು. ನಾಲ್ಕು ಮಹಡಿ, ಹನ್ನೊಂದು ಬ್ಲಾಕು.
ತಿಂಗಳಿಗೊಮ್ಮೆ ಬರುತ್ತೇನೆ,
ಕೊರಳಲ್ಲಿ ಬಿಲ್ಲಿನ ಯಂತ್ರ, ಜೇಬಲ್ಲಿ ಟಾರ್ಚು.
ಮೆಟ್ಟಿಲ ಕೆಳಗೆ ಸಾಲಾಗಿ ಮೀಟರುಗಳು,
ಅವುಗಳ ಕೆಳಗೆ ಕಟ್ಟಿದ ಮೇಕೆ.
ಹೋದ ತಿಂಗಳ ನನ್ನ ಪಟ್ಟಿ ಅದರ ಹೊಟ್ಟೆಯಲ್ಲಿದೆ.

ಬಿಲ್ಲು ಈಗ ಸೊನ್ನೆ. ಆದರೂ ಓದಬೇಕು.
ಸೊನ್ನೆಯನ್ನೂ ಲೆಕ್ಕ ಹಾಕಿಯೇ ಕೊಡುತ್ತದೆ ಸರ್ಕಾರ.

ಅಂಕಿ ನೋಡಿದರೆ ಮನೆ ಗೊತ್ತಾಗುತ್ತದೆ ನನಗೆ.
ಏಳು: ಮಿಕ್ಸಿ ಬಂದಿದೆ.
ಹನ್ನೆರಡು: ಗಂಡನ ಕೆಲಸ ಹೋಗಿದೆ, ಹಗಲೂ ಟೀವಿ.
ಹದಿನೆಂಟರ ಬಿಲ್ಲು ಇನ್ನೂ ತೀರಿಹೋದ ಯಾಕೂಬ್ ಸಾಬರ ಹೆಸರಿಗೆ;
ಸೊಸೆ ಜರೀನಾ ಅದನ್ನು ನಾಲ್ಕು ಮಡಿಕೆ ಮಾಡಿ
ಕುಕ್ಕರಿನ ಡಬ್ಬದಲ್ಲಿಡುತ್ತಾಳೆ.
"ಇದೊಂದೇ ಸಾರ್, ಈ ಮನೆ ನಮ್ದು ಅನ್ನೋಕೆ."

ಮೂರನೇ ಮಹಡಿ, ಇಪ್ಪತ್ತೊಂದು, ಚೆನ್ನಾಜಮ್ಮ.
ಬೆವರು ಒರೆಸಿಕೊಂಡರೆ ಹಣೆಯೂ ಕಪ್ಪು.
ಊದುಕಡ್ಡಿ ಹೊಸೆಯುತ್ತಾಳೆ, ಸಾವಿರಕ್ಕಿಷ್ಟು ಅಂತ.
ಪರಿಮಳ ಹಾಕುವುದು ಕಾರ್ಖಾನೆಯಲ್ಲಿ;
ಇಲ್ಲಿ ಬರೀ ಇದ್ದಿಲ ಪುಡಿ.

ಅವಳ ಮಗ ಮಂಟೇಶ. ಹದಿನೇಳಕ್ಕೆ ತಾಮ್ರದ ವೈರು ಕದ್ದ,
ಹತ್ತೊಂಬತ್ತಕ್ಕೆ ಠಾಣೆಯ ಗೋಡೆಯಲ್ಲಿ ಫೋಟೋ.
ಅಲ್ಲಿಂದ ಈಚೆಗೆ ದಸರೆಗೆ ಹತ್ತು ದಿನ ಇರುವಾಗ
ಜೀಪು ಬಂದು ಕರೆದೊಯ್ಯುತ್ತದೆ,
ಬೀಗರು ಮದುವೆಗೆ ಕರೆದ ಹಾಗೆ, ತಪ್ಪದೆ.
ಮುಂಜಾಗ್ರತೆ ಅಂತ ಅದರ ಹೆಸರು.
"ರಸ್ತೆ ಗುಡಿಸೋಕೆ ಮುಂಚೆ ನಮ್ ಹುಡುಗ್ರನ್ನ ಗುಡಿಸ್ತಾರೆ" ಅಂದಿದ್ದಳೊಮ್ಮೆ.

(ಅರಮನೆ ದೀಪಗಳ ಮಾತು ಬೇಡ.
ಅದರ ಮೀಟರು ನನ್ನ ಬೀಟಿನಲ್ಲಿಲ್ಲ.)

ಕೆಲಸ ಕೇಳಿದರೆ ವಿಳಾಸ ಕೇಳುತ್ತಾರೆ.
ವಿಳಾಸ ಹೇಳಿದರೆ ಆಮೇಲೆ ಫೋನ್ ಮಾಡ್ತೀವಿ ಅನ್ನುತ್ತಾರೆ.
ಹಳಿ ಪಕ್ಕದ ಜೋಪಡಿಯಲ್ಲಿದ್ದಾಗಲೂ ಇದೇ ಅಂತೆ.
ಆಗ ಗೋಡೆ ತಗಡಿನದು.

ಈ ಸಲ ಜೀಪು ಬಂದಾಗ ಮಂಟೇಶ ಇರಲಿಲ್ಲ.
ಗೇಟಿನ ಬಳಿ ಟೀ ಹೀರುತ್ತ ಪೇದೆ ರುದ್ರಸ್ವಾಮಿ ಹೇಳಿದ:
"ನೀವು ಮನೆ ಮನೆ ಹತ್ತಿ ಇಳಿಯೋರು. ಖಾಲಿ ಮನೇಲಿ
ಲೈಟು ಉರಿದಿದ್ರೆ ಒಂದ್ಮಾತು ಹೇಳಿ ಸ್ವಾಮಿ.
ನಮಗೂ ಮೇಲಿಂದ ಕೇಳ್ತಾರೆ, ಎಷ್ಟು ತಲೆ ಅಂತ."
ಕೆಟ್ಟವನಲ್ಲ. ಅವನ ಬೂಟಿಗೂ ಹೊಲಿಗೆ ಬಿಟ್ಟಿತ್ತು.

ಇಪ್ಪತ್ತಾರು: ಬೀಗ. ಹಂಚಿಕೆಯಾದವರು ಬಂದೇ ಇಲ್ಲ,
ಚೀಟಿ ಎತ್ತಿದ ದಿನ ಕೀಲಿಕೈ ಹಿಡಿದು
ಫೋಟೋ ತೆಗೆಸಿಕೊಂಡು ಹೋದವರು.
ಎರಡು ವರ್ಷದಿಂದ ನೋಡದೆಯೇ ಬರೆಯುತ್ತಿದ್ದೆ:
ನಲವತ್ತೊಂದು.
ಇವತ್ತು ಟಾರ್ಚು ಹಿಡಿದರೆ ಐವತ್ತು.
ಕೆಂಪು ಚುಕ್ಕಿ ಮಿಟುಕುತ್ತಿದೆ, ನಿಧಾನ,
ಯಾರೋ ಉಸಿರು ಬಿಗಿಹಿಡಿದು ಬಿಡುವಂತೆ.
ಒಂಬತ್ತು ಯೂನಿಟ್ಟು. ಒಂದು ಫೋನು, ಒಂದು ಬಲ್ಬು,
ಎರಡರಲ್ಲಿ ತಿರುಗುವ ಫ್ಯಾನು.

ಹೋದ ಯುಗಾದಿಗೆ ನಮ್ಮಕ್ಕನ ಸರ ಎಳೆದರು,
ಬನ್ನಿಮಂಟಪದ ತಿರುವಿನಲ್ಲಿ. ಬೈಕಲ್ಲಿ ಇಬ್ಬರು.
ಹಿಂದೆ ಕೂತವನು ತೆಳ್ಳಗಿದ್ದ ಅಂದಳು.
ಮಂಟೇಶನೂ ತೆಳ್ಳಗೆ. ಈ ಬ್ಲಾಕಿನಲ್ಲಿ ಎಲ್ಲರೂ ತೆಳ್ಳಗೆ.
ಅಕ್ಕನ ಕತ್ತಿನ ಗೀರು ಮಾಸಿಲ್ಲ ಇನ್ನೂ.

ತಲೆಯೆತ್ತಿದರೆ ಮೇಲಿನ ಮೆಟ್ಟಿಲಲ್ಲಿ ಚೆನ್ನಾಜಮ್ಮ.
ಕೈಯಲ್ಲಿ ಮುಚ್ಚಿದ ತಟ್ಟೆ. ನನ್ನನ್ನು ಕಂಡದ್ದೇ
ತಟ್ಟೆ ಸೆರಗಿನೊಳಕ್ಕೆ ಹೋಯಿತು.
ಸೆರಗಿನಿಂದ ಅನ್ನದ ಹಬೆ ಏಳುತ್ತಿತ್ತು.
ಇಬ್ಬರೂ ಮಾತಾಡಲಿಲ್ಲ. ಮೇಕೆ ಕೂಗಿತು.

ಒತ್ತಿದೆ: ಬಾಗಿಲು ಮುಚ್ಚಿದೆ. ನಲವತ್ತೊಂದು.
ಯಂತ್ರ ಸೊನ್ನೆಯ ಚೀಟಿ ಉಗುಳಿತು.
ಗೇಟಿನಲ್ಲಿ ರುದ್ರಸ್ವಾಮಿ ಹುಬ್ಬೆತ್ತಿದ.
ಟೀಗೆ ಶುಂಠಿ ಹಾಕಿದ್ದಾರಾ, ಅಂತ ಕೇಳಿದೆ.

ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು,
ಮೀಟರು ಹಿಂದಕ್ಕೆ ತಿರುಗುವುದಿಲ್ಲ.
ಮುಂದಿನ ತಿಂಗಳು ಈ ಬೀಟು ಬೇರೆಯವನಿಗೆ.
ಅಕ್ಕನ ಫೋನು ಬಂತು.
ಎತ್ತಲಿಲ್ಲ.