ನೋಡಿದವರು

ಬೆಳಗಿನ ಆರಕ್ಕೆ ಎಂಜಿನ್ ಸದ್ದಡಗಿ
‘ಕುವೋವಿ’ ನಿಂತಲ್ಲೇ ತೂಗತೊಡಗುತ್ತದೆ.
ಗೋಟ್‌ಲ್ಯಾಂಡಿನ ಮೂಡಣಕ್ಕೆ, ದಡ ಕಾಣದ ಕಡೆ
ನಕ್ಷೆಯಲ್ಲೊಂದು ಚುಕ್ಕೆ. ನೀರಿನ ಮೇಲೆ ಗುರುತೇನಿಲ್ಲ.
ಆದರೂ ಊರು ಬಂತೆಂಬಂತೆ ಎಲ್ಲರೂ ಏಳುತ್ತಾರೆ,
ಬೂಟು ಹುಡುಕುತ್ತಾರೆ, ಕಾಫಿಗೆ ಕೈಚಾಚುತ್ತಾರೆ.

ತೈಸ್ತೊ ಮಾತ್ರ ಆಗಲೇ ಹಡಗಿನ ನೆರಳಿನ ಬದಿಯಲ್ಲಿ,
ಕೈಯಲ್ಲಿ ಬಿಳಿ ತಟ್ಟೆ, ಊಟದ ತಟ್ಟೆಯಷ್ಟೇ ಅಗಲ,
ನಡುವೆ ತೂತು, ತೂತಿಗೆ ಹಗ್ಗ,
ಹಗ್ಗಕ್ಕೆ ಮೀಟರಿಗೊಂದು ಕೆಂಪು ಗಂಟು.
ಇಷ್ಟೇ ಉಪಕರಣ.
ಕೆಳಗಿನ ಕೋಣೆಯಲ್ಲಿ ಕೋಟಿ ಬೆಲೆಯ ಯಂತ್ರಗಳು
ಮಿಣುಕುತ್ತಿವೆ, ಮಿಣುಕಲಿ.
ಇದಕ್ಕೆ ಬೇಕಾದದ್ದು ಒಂದು ಜೊತೆ ಕಣ್ಣು.

ಇಳಿಸುತ್ತಾನೆ. ತಟ್ಟೆ ಮೊದಲು ಬಿಳಿ,
ಆಮೇಲೆ ಸೌತೆ ಸಿಪ್ಪೆಯ ಒಳಮೈ,
ಆಮೇಲೆ ತೆಳುಮೋಡದ ಹಿಂದಿನ ಹಗಲುಚಂದ್ರ,
ಆಮೇಲೆ, ಇದೆಯೋ, ಇತ್ತೋ.
ಆ ಇದೆಗೂ ಇತ್ತಿಗೂ ನಡುವೆ
ಹಗ್ಗವನ್ನು ಬೆರಳಲ್ಲಿ ಚಿವುಟಿ ಹಿಡಿದು ಹೇಳುತ್ತಾನೆ:
“ನಾಲ್ಕೂವರೆ.”
ಬರೆದುಕೊಳ್ಳುತ್ತೇನೆ. ನನ್ನ ಕೆಲಸ ಅದು.

ಹಿಂಬದಿಯಲ್ಲಿ ವಿಂಚು ಕಿರುಗುಟ್ಟಿ
ಇನ್ನೂರಮೂವತ್ತು ಮೀಟರಿನ ಆಳದಿಂದ
ಸೀಸೆಗಳ ಗೊಂಚಲು ಮೇಲೆ ಬಂತು.
ನಲ್ಲಿ ತಿರುಗಿಸಿದರೆ ಕೊಳೆತ ಮೊಟ್ಟೆಯ ನಾತ.
ಗುನ್ವೊರ್ ಮೂಗು ಮುಚ್ಚುವುದಿಲ್ಲ,
ಹಳೆಯ ನೆಂಟರ ಮನೆಯ ವಾಸನೆ ಅವಳಿಗದು.
ಎರಡು ಹನಿ ಇದು, ಎರಡು ಹನಿ ಅದು, ಸೀಸೆ ಕುಲುಕು.
ಉಸಿರಿದ್ದ ನೀರು ಕಂದಾಗುತ್ತದೆ, ಬೆಲ್ಲದ ಪಾಕ.
ಇದು ಬೆಳ್ಳಗೇ ಉಳಿಯಿತು.
ಬೆಳ್ಳಗಿದ್ದದ್ದೆಲ್ಲ ಹಾಲಲ್ಲ.
ಒಂದು ಮೀನಿಗಾಗುವಷ್ಟೂ ಉಸಿರಿಲ್ಲ ತಳದಲ್ಲಿ
ಎಂದು ಬರೆಯಲು ಅಂಕಣ ಚಿಕ್ಕದು.
ಸೊನ್ನೆ ಬರೆದೆ.

ಮಧ್ಯಾಹ್ನ, ಮುಂದಿನ ಚುಕ್ಕೆ.
“ನಾಲ್ಕು” ಅಂದ ತೈಸ್ತೊ.
ಪಾಚಿ ನೋಡಲೆಂದು ನಾನೂ ಬಾಗಿದ್ದೆ.
ತಟ್ಟೆ ಅಲ್ಲೇ ಇತ್ತು, ಮಸುಕಾಗಿ, ಅನುಮಾನವಿಲ್ಲದೆ.
ಬಾಯಿ ಬಿಡಬಾರದಿತ್ತೇನೋ. “ಇನ್ನೂ ಇದೆ” ಅಂದುಬಿಟ್ಟೆ.
ಅವನು ನೀರನ್ನು ನೋಡಲಿಲ್ಲ, ನನ್ನನ್ನು ನೋಡಿದ.
ಒಂದು ಗಂಟು ಬಿಟ್ಟ. “ಈಗ?”
“ಇದೆ.”
ಅರ್ಧ ಗಂಟು. “ಈಗ?”
ನಾನು ಸುಮ್ಮನಾದೆ.

ವಸಂತದಲ್ಲಿ ಕೋಟ್ಕಾದ ವೈದ್ಯೆ ಹೇಳಿದ್ದಳಂತೆ,
ಬಲಗಣ್ಣಿಗೆ ಪೊರೆ, ಎಡಕ್ಕೆ ಶುರು.
“ಪೊರೆ ಬಂದದ್ದು ನನಗೋ ಇದಕ್ಕೋ” ಎಂದು ಕೇಳಿದ,
ಗಲ್ಲದಿಂದ ಸಮುದ್ರವನ್ನು ತೋರಿಸಿ.

ಮೂವತ್ತೊಂದು ಬೇಸಿಗೆಯ ದಪ್ಪ ಪುಸ್ತಕಗಳು.
ದಿನಾಂಕ, ಗಾಳಿ, ಮೋಡ, ಆಳ,
ಕೊನೆಯ ಅಂಕಣ: ನೋಡಿದವರು.
ಒಂಬತ್ತು. ತೈ. ಎಂಟೂವರೆ. ತೈ. ಏಳು. ತೈ. ತೈ. ತೈ.
ಮಂತ್ರಿಗಳ ಮುಂದೆ ಗೋಡೆಯ ಮೇಲೆ ಬೀಳುತ್ತಿದ್ದ ಗೆರೆ,
ವರ್ಷಕ್ಕಿಷ್ಟೆಂದು ಕೆಳಗಿಳಿಯುತ್ತಿದ್ದ ಗೆರೆ,
ಈ ಒಬ್ಬನ ರೆಪ್ಪೆಯಡಿ ಹಾದು ಬಂದದ್ದು.

ಆ ರಾತ್ರಿ ಗುನ್ವೊರ್ ಬೇರೆ ಹಡಗುಗಳ ಲೆಕ್ಕ ತೆಗೆದಳು,
ಬೇರೆ ಕಣ್ಣುಗಳು, ಬೇರೆ ಬಾವುಟಗಳು.
ತೈಸ್ತೊ ಬಾಗಿಲಲ್ಲಿ ನಿಂತಿದ್ದ, ಟೋಪಿ ಕೈಯಲ್ಲಿ,
ಫಲಿತಾಂಶಕ್ಕೆ ಕಾದ ಹುಡುಗನ ಹಾಗೆ.
ಅವನಿಗೆ ಬೇಕಿದ್ದದ್ದು ಏನೆಂದು ತಡವಾಗಿ ಹೊಳೆಯಿತು ನನಗೆ:
ತಪ್ಪೆಲ್ಲ ತನ್ನದೇ ಆಗಲಿ ಎಂದು.
ಕಣ್ಣಾದರೆ ಇಪ್ಪತ್ತು ನಿಮಿಷದ ಕೆಲಸ,
ಬೆಳಿಗ್ಗೆ ಹೋಗಿ ಸಂಜೆ ಮನೆಗೆ.

“ಒಂದೂವರೆ ಮೀಟರು ನಿನ್ನದು,” ಅಂದಳು ಗುನ್ವೊರ್,
“ಅದೂ ಈಚಿನ ಎರಡು ಬೇಸಿಗೆ ಮಾತ್ರ.”
ಉಳಿದದ್ದು ಯಾರದೆಂದು ಅವಳೂ ಹೇಳಲಿಲ್ಲ,
ಅವನೂ ಕೇಳಲಿಲ್ಲ.
ಟೋಪಿ ಹಾಕಿಕೊಂಡು ಡೆಕ್ಕಿಗೆ ಹೋದ.
ವಿಂಚಿಗೆ ಗ್ರೀಸು ಹಚ್ಚುವ ಸದ್ದು
ಬಹಳ ಹೊತ್ತು ಕೇಳಿಸುತ್ತಿತ್ತು.

ಈ ಬೆಳಿಗ್ಗೆ ಹಗ್ಗ ಅವನ ಕೈಯಲ್ಲಿ, ಪುಸ್ತಕವೂ.
ನಾನು ಕಟಾಂಜನಕ್ಕೆ ಹೊಟ್ಟೆಯೊತ್ತಿ ಬಾಗಿದ್ದೇನೆ.
ಬಿಳಿ. ಸೌತೆ. ಚಂದ್ರ.
“ಐದು” ಅಂದೆ, ಅವಸರದಲ್ಲಿ.
ಪೆನ್ಸಿಲು ಕದಲಲಿಲ್ಲ.
“ಇದೆಯೋ,” ಕೇಳಿದ ತೈಸ್ತೊ, “ಇತ್ತೋ?”