ಮರದ ಕಡೆಗೇ ವಾಲು

ಚಿತ್ತೆ ಮಳೆ ಮೂರು ರಾತ್ರಿ ಸುರಿದು
ತಾನೂ ಒಂದು ಹೊಳೆಯೆಂದು ವೇದಾವತಿಗೆ ನೆನಪಾದ ಬೆಳಗ್ಗೆ
ಕೆಲ್ಲೋಡಿನ ಕೆಳಗೆ ಕಯಾಕು ಇಳಿಸಿದೆ.

ದಾಂಡೇಲಿಯ ಯಾವುದೋ ರೆಸಾರ್ಟು ಬಿಸಾಕಿದ ದೋಣಿ.
ಹೊಟ್ಟೆಯ ಸೀಳಿಗೆ ಪಂಕ್ಚರ್ ಅಂಗಡಿಯ ದಾದಾಪೀರ್
ಒಡೆದ ಸಿಂಟೆಕ್ಸಿನ ಚೂರು ಕರಗಿಸಿ ಮೆತ್ತಿದ್ದಾನೆ.
ಕಿತ್ತಳೆ ಮೈಗೆ ಕರಿ ತೇಪೆ,
ಕೂಸಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ.

ದಡದ ಮೇಲೆ ಪಾಲಯ್ಯ ಮಾವ.
ಹೆಗಲಿಗೆ ಹಗ್ಗದ ಸುರುಳಿ,
ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ರಿಜಿಸ್ಟರು.
ಶಿವರಾತ್ರಿ ಕಳೆದ ವಾರ ಗುಡ್ಡ ಉರಿಯಿತಲ್ಲ,
ಆವತ್ತಿನಿಂದ ರೇಂಜ್ ಆಫೀಸಿನವರದು ಒಂದೇ ಕೇಳಿಕೆ:
ಬಿಲ್ಲೆ ಹೊಡೆದ ಮರ ಇನ್ನೂರ ಹನ್ನೊಂದು,
ನಿಂತಿರುವುದು ನೂರ ಅರವತ್ತು,
ಮಿಕ್ಕವೆಲ್ಲಿ?
ಬೂದಿ ಎಂದು ಬರೆಯಲು ಕಾಲಂ ಇಲ್ಲ.

ಅರೆಬೆಂದ ಬೊಡ್ಡೆಗಳನ್ನು ಹಳ್ಳ ಎಳೆತಂದು
ಹೊಳೆಯ ಕೈಗೆ ಒಪ್ಪಿಸಿದೆ.
ಅದಕ್ಕೇ ಈ ಏರ್ಪಾಡು: ನಾನು ನೀರಿನಿಂದ ನಂಬರು ಕೂಗುವುದು,
ಮಾವ ದಡದಲ್ಲಿ ಓಡುತ್ತ ಬರೆದುಕೊಳ್ಳುವುದು.

ಎಂಬತ್ತಾರು!
ಎಂಬತ್ತಾರು, ತುಗ್ಗಲಿ, ಎಂದು ಅವನ ದನಿ.
ಹನ್ನೆರಡು!
ಹೊನ್ನೆ.
ಮರ ನೋಡದೆಯೇ ಹೇಳುತ್ತಾನೆ,
ಹಾಜರಿ ಕರೆಯುವ ಮೇಷ್ಟ್ರ ಹಾಗೆ.

ನೀರು ಕೆಂಪಿಲ್ಲ ಈ ಸಲ. ಕಪ್ಪು.
ಒಲೆಗೂಡು ತೊಳೆದ ನೀರು.
ಹುಟ್ಟು ಎತ್ತಿದರೆ ಮೊಣಕೈವರೆಗೂ ಮಸಿ ಇಳಿಯುತ್ತದೆ.

ತೇಲುವ ಮರಕ್ಕೆ ಅಂಜಬೇಕಿಲ್ಲ, ಅದು ಕಾಣುತ್ತದೆ.
ಕಮರ ತೇಲುವುದಿಲ್ಲ.
ಕಬ್ಬಿಣದಂಥ ಮರ, ಕಮರಿದ ಮೇಲೂ ತೂಕ ಬಿಡದೆ
ಕಮರಿಯ ಬಾಯಲ್ಲಿ ಅಡ್ಡ ಮಲಗಿ
ಮುಳುಗಿಕೊಂಡೇ ಕಾಯುತ್ತದೆ.
ಮೇಲೆ ನಾಲ್ಕು ಟೊಂಗೆ, ಕೆಳಗೆ ಜರಡಿ.
ಹೊಳೆ ಜರಡಿ ಆಡಿಸುತ್ತದೆ, ರಾಗಿ ಹಿಟ್ಟಿನ ಹಾಗೆ ನೀರು ಇಳಿದು ಹೋಗುತ್ತದೆ.
ನಾನು ತೌಡು.

ಎರಡು ಬಂಡೆಯ ನಡುವೆ ಹೊಳೆ ಗೇಣು ಕುಸಿದು, ಮೊಳ ಕುಸಿದು,
ಆಮೇಲೆ ಅಳತೆ ಬಿಟ್ಟಿತು.
ನೊರೆ ಕಣ್ಣಿಗೆ. ಮೂಗಿಗೆ. ಬಲಕ್ಕೆ ಹುಟ್ಟು, ಬಲಕ್ಕೇ,
ಅಯ್ಯೋ ಎಡಕ್ಕೆ,
ಎದುರಿಗೆ ಕಮರ.

ಆಗ ಮೈ ಕೇಳುವುದು ಒಂದೇ: ಹಿಂದಕ್ಕೆ.
ಬೆಂಕಿಯ ದಿನವೂ ಕೇಳಿತ್ತು.
ಹೊಂಗೆ ಸೊಪ್ಪಿನ ಬರಲು ಕೈಯಲ್ಲಿದ್ದೂ
ಏಳು ಹೆಜ್ಜೆ ಹಿಂದಕ್ಕೆ ಹೋದವಳು ನಾನು,
ಎಣಿಸಿದ್ದೇನೆ.
ಮಾವ ಬಡಿಯುತ್ತಲೇ ಇದ್ದ.
ಅವನ ಹುಬ್ಬು ಇನ್ನೂ ಪೂರ್ತಿ ಬಂದಿಲ್ಲ.

ಹೊನ್ನಾಳಿಯಲ್ಲಿ ಹರಿಗೋಲು ಹಾಕುತ್ತಿದ್ದ ಚೌಡಕ್ಕ
ಎಲೆಯಡಿಕೆ ಉಗಿದು ಹೇಳಿದ್ದಳು:
ಮರ ಬಂತೆಂದು ಹಿಂದೆ ವಾಲಿದೆಯೋ, ಹೊಳೆ ನಿನ್ನ ಬಗಲಿಗೆ ಕೈ ಹಾಕಿ ಮಗುಚುತ್ತದೆ.
ಮರದ ಕಡೆಗೇ ವಾಲು.
ಸಿಟ್ಟಾದ ಅಕ್ಕನ್ನ ತಬ್ಬಿದ ಹಾಗೆ ತಬ್ಬು.

ವಾಲಿದೆ.
ಎದೆಗೆ ಇದ್ದಿಲು, ಕೆನ್ನೆಗೆ ಇದ್ದಿಲು,
ತೊಡೆಯ ಕೆಳಗೆ ದೋಣಿ ಗುದ್ದಾಡಿತು, ನರಳಿತು, ನಿಂತಿತು.
ದಾದಾಪೀರನ ತೇಪೆ ಬಿಡಲಿಲ್ಲ.

ಎಷ್ಟು? ಎಂದ ಮಾವ ಆಚೆಯಿಂದ.
ಬಿಲ್ಲೆ ಸುಟ್ಟು ಸುರುಟಿತ್ತು. ನೂರ ನಲವತ್ತು...
ಮುಂದಿನ ಅಂಕಿ ಇಲ್ಲ.
ಎಷ್ಟು, ಮಗಾ?
ಬಿಲ್ಲೆಯ ಮೇಲೆ ಒಂದು ಗೇಣಿಗೆ
ದಪ್ಪ ಮೊಳೆ, ಮೇಲಕ್ಕೆ ಬಾಗಿದ್ದು.
ಇಪ್ಪತ್ತು ವರ್ಷ ಬುತ್ತಿಗಂಟು ನೇತಾಡಿದ ಮೊಳೆ.

ನಿನ್ನ ಮೊಳೆ ಐತೆ ಮಾವ!

ಹೊಳೆಯೊಂದೇ ಮಾತಾಡುತ್ತಿತ್ತು, ಬಹಳ ಹೊತ್ತು.
ಅವನು ಪೆನ್ನು ನಾಲಿಗೆಗೆ ತಾಗಿಸಿದ,
ರಿಜಿಸ್ಟರು ತೆರೆದ,
ಮುಚ್ಚಿದ.

ಅಲ್ಲಾಡ್ತೈತಾ?
ಇಲ್ಲ. ಗಟ್ಟಿ ಐತೆ.
ಹಂಗಾದ್ರೆ ಅದನ್ನೇ ಹಿಡ್ಕಂಡಿರು, ಎಂದ.
ಹಗ್ಗ ಬಂತು.