ಕೂಗಳತೆ

ಅರ್ಜಿಯಲ್ಲಿ ಎರಡು ಕಾಲಂ ಖಾಲಿ.
ಎಲ್ಲಿ? ಗೊತ್ತಿಲ್ಲ.
ಯಾವಾಗ? ಗೊತ್ತಿಲ್ಲ.
ಉಳಿದದ್ದೆಲ್ಲ ಭರ್ತಿ: ಯಾವ ಫಿಲ್ಟರು, ಎಷ್ಟು ಸೆಕೆಂಡು,
ಮೊದಲ ದಿನ ಆರು ಸಲ, ಆಮೇಲೆ ದಿನ ಬಿಟ್ಟು ದಿನ,
ಮಂಕಾಗುವ ತನಕ.
ಸಮಿತಿಯವರು ಸಹಿ ಹಾಕಿ ಹದಿನಾಲ್ಕು ತಿಂಗಳು.
ಸಾಲಗಾಮೆ ರಸ್ತೆಯ ಈ ಕೋಣೆಯಲ್ಲಿ,
ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿ,
ಇನ್ನೂ ಸಾಯದ ನಕ್ಷತ್ರವೊಂದರ ಮರಣೋತ್ತರ ಪರೀಕ್ಷೆ
ತಾರೀಖಿಲ್ಲದೆ ಮಲಗಿದೆ.

ಸಾಯದ ಅಂದೆನೆ? ತಪ್ಪು.
ಅದು ಸತ್ತು ಎರಡು ಕೋಟಿ ವರ್ಷವಾಯಿತು,
ಸುದ್ದಿ ದಾರಿಯಲ್ಲಿದೆ.
ಎರಡು ಕೋಟಿ ಬೆಳಕಿನ ವರ್ಷ:
ನಮ್ಮ ಕಸುಬಿನಲ್ಲಿ ಅದಕ್ಕೆ ಹತ್ತಿರ ಅನ್ನುತ್ತಾರೆ,
ಕೂಗಿದರೆ ಕೇಳುವಷ್ಟು.

ಪಕ್ಕದ ಮನೆಯ ಬೋರಲಿಂಗಯ್ಯನವರು ಅಗ್ನಿಶಾಮಕ ಠಾಣೆಯವರು.
ಅವರ ಲಾರಿ ಯಾವಾಗಲೂ ರಸ್ತೆಗೆ ಮೂತಿ ಮಾಡಿ ನಿಂತಿರುತ್ತದೆ,
ಬೂಟುಗಳೂ ಬಾಗಿಲ ಕಡೆಗೇ.
‘ನಿಮ್ಮ ಕಡೆ ಬೆಂಕಿ ಬಿದ್ರೆ
ಎಷ್ಟೊತ್ತಿಗೆ ಹೋಗಿ ಸೇರ್ತೀರಾ?’
ಕೇಳಿದರು ಒಮ್ಮೆ, ಕಾಂಪೌಂಡಿನ ಆಚೆಯಿಂದ.
‘ಎಲ್ಲ ಸರಿಹೋದ್ರೆ ಒಂಬತ್ತು ಗಂಟೆ’ ಅಂದೆ.
‘ನಾವು ಇಪ್ಪತ್ತು ನಿಮಿಷ ತಡ ಮಾಡಿದ್ರೆ
ಜನ ಕಲ್ಲು ತಗೋತಾರೆ ಮೇಡಂ.’
ನಾವು ಹೋಗುವುದು ಆರಿಸಲಿಕ್ಕಲ್ಲ,
ಉರಿಯುವುದನ್ನು ನೋಡಲಿಕ್ಕೆ
ಎಂದು ಹೇಳಲು ನಾಚಿಕೆಯಾಯಿತು.

ಶುಕ್ರವಾರ ರಾತ್ರಿ ಹನ್ನೊಂದೂಕಾಲಿಗೆ ಫೋನು.
ನಿನ್ನೆ ಇಲ್ಲದ ಚುಕ್ಕಿ ಇವತ್ತು ಇದೆ,
ಗೆಲಾಕ್ಸಿಯ ತೋಳಿನಲ್ಲಿ, ಮೊಣಕೈ ಬಾಗುವ ಜಾಗದಲ್ಲಿ.
ಹದಿನಾಲ್ಕು ತಿಂಗಳು ಕಾದ ಕಾಲಂ ತುಂಬುವಾಗ
ಏಳನ್ನು ಒಂದರ ಹಾಗೆ ಬರೆದೆ,
ಹೊಡೆದೆ, ಮತ್ತೆ ಬರೆದೆ.

ಇನ್ನು ಲೆಕ್ಕ.
ಸೂರ್ಯನಿಂದ ಅರವತ್ತೆರಡು ಡಿಗ್ರಿ, ಪರವಾಗಿಲ್ಲ.
ಚಂದ್ರ ಬೆನ್ನ ಹಿಂದೆ, ಒಳ್ಳೆಯದು.
ತೊಂಬತ್ತೇಳು ನಿಮಿಷದ ಸುತ್ತಿನಲ್ಲಿ ಮೂವತ್ತೊಂದೇ ನಮ್ಮದು;
ಮಿಕ್ಕಂತೆ ಬರೀ ಅಡಚಣೆ, ಬಹುಪಾಲು ಭೂಮಿಯದೇ:
ಹಾಸನ, ಹೊಳೆನರಸೀಪುರ, ಸಮುದ್ರ, ನಾನು,
ಎಲ್ಲರೂ ಸೇರಿ ಅಡ್ಡ ನಿಂತಿರುತ್ತೇವೆ.
ಪಕ್ಕದಲ್ಲೊಂದು ಪ್ರಖರ ನಕ್ಷತ್ರ;
ಚೌಕಟ್ಟಿನೊಳಗೆ ಬಿದ್ದರೆ ದೂರದರ್ಶಕದ ಕಣ್ಣೇ ಸುಟ್ಟೀತು.
ನಾಲ್ಕು ಡಿಗ್ರಿ ಹೊರಳಿಸಿದೆ,
ಮಲಗಿದವರ ತಲೆಯಡಿಯ ದಿಂಬು ಸರಿಸುವ ಹಾಗೆ.

ಆದರೆ ಆ ಹೊತ್ತಿಗೆ ಮೊದಲೇ ಒಂದು ಹೆಸರಿತ್ತು:
ಇಲಿಯಾಸ್ ಮುಲ್ಲಾ, ಧಾರವಾಡ,
ಪಿಎಚ್‌.ಡಿ.ಯ ಐದನೆಯ ವರ್ಷ.
ಅವನದೊಂದು ಶ್ವೇತಕುಬ್ಜ, ಬೂದಿ ಮುಚ್ಚಿದ ಕೆಂಡ,
ಜೊತೆಗಾರ ನಕ್ಷತ್ರದಿಂದ ಗುಟುಕು ಗುಟುಕಾಗಿ ಅನಿಲ ಹೀರುತ್ತ ಕೂತದ್ದು.
ಎರಡು ವರ್ಷ ಸರದಿಯಲ್ಲಿ ನಿಂತಿದ್ದ.
ಮಧ್ಯರಾತ್ರಿ ಎಬ್ಬಿಸಿ ಹೇಳಿದೆ.
ಆ ಕಡೆ ಫ್ಯಾನಿನ ಕಿರಕಿರ ಮಾತ್ರ, ಸ್ವಲ್ಪ ಹೊತ್ತು.
‘ತಗೋರಿ ಮೇಡಂ.
ನಂದೇನು, ಎಲ್ಲೂ ಹೋಗಂಗಿಲ್ಲ, ಅಲ್ಲೇ ಇರ್ತೈತಿ.’
ಇದೂ ಅಷ್ಟೇ, ಮೊನ್ನೆಯವರೆಗೆ
ಎಲ್ಲೂ ಹೋಗದೆ ಅಲ್ಲೇ ಇತ್ತಪ್ಪ.
ಹೇಳಲಿಲ್ಲ. ಮೇ ತಿಂಗಳು ನೋಡೋಣ ಅಂದೆ.
ನೋಡೋಣ ಎಂಬುದು ಎಷ್ಟು ತೆಳು ಮಾತು
ಎಂದು ಇಬ್ಬರಿಗೂ ಗೊತ್ತು.

ಎಂಟೂವರೆಗೆ ಕಣ್ಣು ಅತ್ತ ತಿರುಗಿತು.
ಕಾಲು ಗಂಟೆ ತಡ.
ಯಾರೂ ಕಲ್ಲು ತೆಗೆದುಕೊಳ್ಳಲಿಲ್ಲ.
ತೆರೆಯ ಮೇಲೆ ಎಣಿಕೆ ಮೂಡಿತು: ನೇರಳೆಯಾಚೆಯ ಕಣಗಳು,
ನಾಲ್ಕು, ಹನ್ನೊಂದು, ಇನ್ನೂರ ಆರು.
ಪಾಳಿ ಬದಲಾಯಿಸಲು ಬಂದ ಚೇತೋಹಾರಿಣಿ
ಚೀಲ ಕೆಳಗಿಡುವುದನ್ನೇ ಮರೆತು ನಿಂತಳು.

ಗೇಟಿನ ಹೊರಗೆ ಚಹಾ.
ಬಿತ್ತನೆ ಆಲೂಗಡ್ಡೆ ತುಂಬಿದ ಲಾರಿಗಳು ಮಾರುಕಟ್ಟೆಯ ಕಡೆಗೆ.
ಬಿಸಿಲು ನೇರ ಮುಖಕ್ಕೆ.
ನನ್ನ ಪಟ್ಟಿಯ ಮೊದಲ ನಿಷೇಧ ಇದು:
ಇದೊಂದನ್ನು ಮಾತ್ರ ನೋಡಕೂಡದು.
ಇದರ ಸುದ್ದಿಗೆ ಎಂಟೇ ನಿಮಿಷ,
ಬೋರಲಿಂಗಯ್ಯನವರ ಲಾರಿಗಿಂತ ಬೇಗ.
ಕಣ್ಣು ಮುಚ್ಚಿದೆ. ರೆಪ್ಪೆಯೊಳಗೆ ಕೆಂಪು.
‘ಚಿಲ್ಲರೆ ಇಲ್ವಾ ಅಕ್ಕಾ?’ ಅಂದ ಹುಡುಗ.
ಹುಡುಕಿದೆ. ಜೇಬಿನಲ್ಲಿ
ಏಳನ್ನು ಹೊಡೆದ ಆ ಚೀಟಿ.